ಮಡಿಕೇರಿಯ ಇಟ್ಟಿಗೆಯ ಅರಮನೆ: ಒಂದು ಮನೆ, ಹಲವು ಬಾಳು

೧. ಪೀಠಿಕೆ

ಇತಿಹಾಸವೆಂದರೆ ಅರಸರ ವಂಶಾವಳಿ ಹಾಗೂ ಕಾಳಗಗಳ ತಾರೀಖುಪಟ್ಟಿ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಹುಕಾಲ ಬೇರೂರಿ ನಿಂತಿದೆ. ಆದರೆ ಅರಸನು ಕಟ್ಟಿಸಿದ ಮನೆ ಅರಸನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅವನ ವೈರಿ ಅದರಲ್ಲಿ ಬಂದು ಕೂಡುತ್ತಾನೆ. ವೈರಿಯ ಗುಮಾಸ್ತನು ಅದರಲ್ಲಿ ದಫ್ತರ ಇಡುತ್ತಾನೆ. ಮುಂದೊಂದು ದಿನ ಪ್ರಜೆಗಳ ಪ್ರತಿನಿಧಿಗಳು ಅದೇ ಆವರಣದಲ್ಲಿ ಸಭೆ ಸೇರುತ್ತಾರೆ. ಗೋಡೆ ಒಂದೇ, ಒಳಗಿನ ಬಾಳು ಬೇರೆ ಬೇರೆ. ಆದ್ದರಿಂದ ಒಂದು ಹಳೆಯ ಮನೆಯ ಉಪಯೋಗಗಳನ್ನು ಕ್ರಮವಾಗಿ ಅರಿತುಕೊಂಡರೆ ಒಂದು ನಾಡಿನ ರಾಜ್ಯಭಾರದ ಚರಿತ್ರೆಯನ್ನೇ ಅರಿತಂತಾಗುತ್ತದೆ.

ಇಂಥ ಅಭ್ಯಾಸಕ್ಕೆ ಕನ್ನಡ ನಾಡಿನಲ್ಲಿ ಅತ್ಯಂತ ಯೋಗ್ಯವಾದ ಉದಾಹರಣೆಯೆಂದರೆ ಕೊಡಗಿನ ಮಡಿಕೇರಿ ಕೋಟೆಯೊಳಗಿನ ಅರಮನೆ. ಜತ್ತದ ನೆಲದಲ್ಲಿ ನಿಂತು ಕೊಡಗಿನ ಮಾತೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವಿದೆ. ಎರಡೂ ಚಿಕ್ಕ ಸಂಸ್ಥಾನಗಳು. ಎರಡೂ ಕನ್ನಡ ನಾಡಿನ ಅಂಚಿನ ಸೀಮೆಗಳು. ವಿಜಾಪುರದ ಆದಿಲಶಾಹಿಯಿಂದ ದೇಶಮುಖಿ ಪಡೆದ ಡಫಳಾಪುರದ ಚವ್ಹಾಣ ಮನೆತನದವರು, ಎಂದರೆ ನಮ್ಮ ಡಫಳೆಯವರು, ಜತ್ತವನ್ನು ಆಳಿದರು. ೧೮೨೭ರಲ್ಲಿ ಸಾಲದ ಕಾರಣದಿಂದ ಸಾತಾರೆಯ ಕೈಗೆ ಹೋದ ಆ ಸಂಸ್ಥಾನವು ೧೮೪೧ರಲ್ಲಿ ಮರಳಿ ಬಂತು. ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಕೊಡಗಿನ ಅರಸೊತ್ತಿಗೆಯಾದರೋ ೧೮೩೪ರಲ್ಲಿಯೇ ಮುಗಿದುಹೋಯಿತು. ಅರಸನಿಲ್ಲದ ಅರಮನೆಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೊಡಗು ನಮಗಿಂತ ೧೧೪ ವರುಷ ಮೊದಲೇ ಎದುರಿಸಿತು. ಅದರ ಅನುಭವ ನಮಗೆ ಪಾಠವಾಗಬಲ್ಲದು.

೨. ಮಣ್ಣಿನಿಂದ ಇಟ್ಟಿಗೆಗೆ

ಹಾಲೇರಿ ವಂಶದ ಮುದ್ದುರಾಜನು ೧೬೮೧ರಲ್ಲಿ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದನೆಂಬುದು ಪ್ರಸಿದ್ಧ. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತೆಂದು ಜನ ಹೇಳುತ್ತಾರೆ. ಗುಡ್ಡದ ನೆತ್ತಿಯ ಮೇಲೆ ಅವನು ಮಣ್ಣಿನ ಕೋಟೆಯನ್ನೂ ಅದರೊಳಗೆ ಒಂದು ಅರಮನೆಯನ್ನೂ ಕಟ್ಟಿಸಿದನು. ಮುಂದೆ ಹೈದರಾಲಿಯ ಕಾಲದಲ್ಲಿ ಕೊಡಗು ಮೈಸೂರಿನ ಕೈಸೇರಿತು. ಟೀಪೂ ಸುಲ್ತಾನನು ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದ ಎಂದು ಹೆಸರಿಟ್ಟನು. ಹೆಸರು ನಿಲ್ಲಲಿಲ್ಲ, ಕಲ್ಲು ನಿಂತಿತು. ಪಿರಿಯಾಪಟ್ಟಣದ ಸೆರೆಯಿಂದ ೧೭೮೮ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರನು ೧೭೯೦ರಲ್ಲಿ ಆ ಕೋಟೆಯನ್ನು ವಶಪಡಿಸಿಕೊಂಡನು. ವೈರಿ ಕಟ್ಟಿದ ಗೋಡೆಯನ್ನು ಕೆಡವದೆ ಅದರ ಹಿಂದೆಯೇ ತನ್ನ ರಾಜ್ಯವನ್ನು ಮತ್ತೆ ನಿಲ್ಲಿಸಿದನು.

ಈ ದೊಡ್ಡವೀರರಾಜೇಂದ್ರನ ಕಾಲದಲ್ಲಿ ಹಾಲೇರಿ ವಂಶದ ಚರಿತ್ರೆ ‘ರಾಜೇಂದ್ರನಾಮೆ’ ಎಂಬ ಹೆಸರಿನಿಂದ ಕನ್ನಡದಲ್ಲಿ ರಚಿತವಾಯಿತು. ೧೮೦೮ರಲ್ಲಿಯೇ ಇಂಗ್ಲಿಷಿಗೆ ಅನುವಾದವಾಯಿತು. ಮನೆಮಾತು ಕೊಡವ ತಕ್ಕೆಂದು ಕೊಡಗಿನಲ್ಲಿ ಅಂದಿಗೂ ಇಂದಿಗೂ ಇದ್ದರೂ, ದೊರೆಯ ದಫ್ತರದ ಭಾಷೆ ಕನ್ನಡವಾಗಿತ್ತೆಂಬುದನ್ನು ಗಡಿನಾಡಿನ ಶಿಕ್ಷಕರಾದ ನಾವು ವಿಶೇಷವಾಗಿ ಗಮನಿಸಬೇಕು.

ದೊಡ್ಡವೀರರಾಜೇಂದ್ರನು ೧೮೦೯ರಲ್ಲಿ ತೀರಿಕೊಂಡನು. ೧೮೧೧ರಲ್ಲಿ ಪಟ್ಟವನ್ನು ತನ್ನದಾಗಿಸಿಕೊಂಡ ಅವನ ತಮ್ಮ ಎರಡನೆಯ ಲಿಂಗರಾಜೇಂದ್ರನು ೧೮೧೨ರಿಂದ ೧೮೧೪ರವರೆಗೆ ಅರಮನೆಯನ್ನು ಇಟ್ಟಿಗೆ ಗಾರೆಗಳಿಂದ ಹೊಸದಾಗಿ ಕಟ್ಟಿಸಿದನು. ಇಂದು ನಾವು ಕಾಣುವ ಮನೆ ಇದೇ.

ಇಟ್ಟಿಗೆಯೇ ಏಕೆಂಬುದನ್ನು ತಿಳಿಯಲು ಆ ಸೀಮೆಯ ಮಳೆಯನ್ನು ನೆನೆಯಬೇಕು. ನಮ್ಮ ಜತ್ತ ಸೀಮೆಯಲ್ಲಿ ವರುಷಕ್ಕೆ ೨೦ ಅಂಗುಲ ಮಳೆ ಬಿದ್ದರೆ ಸುಕಾಲವೆನ್ನುತ್ತೇವೆ. ಆದ್ದರಿಂದ ನಮ್ಮ ಹಳ್ಳಿಯ ಮನೆಗಳಿಗೆ ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣು ಹರವಿದ ಮಾಳಿಗೆ ಸಾಕು. ಬೇಸಿಗೆಯಲ್ಲಿ ಅದೇ ತಂಪು. ಮಡಿಕೇರಿಯಲ್ಲಾದರೋ ವರುಷದ ಮಳೆ ೧೨೦ ಅಂಗುಲಕ್ಕೂ ಮಿಕ್ಕಿದ್ದು. ಅಲ್ಲಿ ಜೂನಿನಿಂದ ಸಪ್ಟೆಂಬರದವರೆಗೆ ಗೋಡೆ ಒಣಗುವ ಮಾತೇ ಇಲ್ಲ. ಹಸಿಮಣ್ಣಿನ ಗೋಡೆ ಬುಡದಲ್ಲಿ ನೀರು ಕುಡಿದು ಕುಸಿಯುತ್ತದೆ. ಸುಟ್ಟ ಇಟ್ಟಿಗೆ ಹಾಗಲ್ಲ. ಬೆಂಕಿಯಲ್ಲಿ ಒಮ್ಮೆ ಬೆಂದ ಮಣ್ಣು ನೀರಿನಲ್ಲಿ ಮತ್ತೆ ಕೆಸರಾಗದು. ಅದಕ್ಕೆ ಗಾರೆಯ ಬಂಧನ. ಗಾರೆಯೆಂದರೆ ನಮ್ಮ ಕಡೆಯವರು ಗಚ್ಚು ಎನ್ನುವುದೇ: ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಕೂಡಿಸಿ, ಚೆನ್ನಾಗಿ ಅರೆದು ಸಿದ್ಧಪಡಿಸಿದ್ದು. ಗಚ್ಚು ನಿಧಾನವಾಗಿ ಗಾಳಿಯನ್ನು ಹೀರಿ ವರುಷ ವರುಷಕ್ಕೂ ಗಟ್ಟಿಯಾಗುತ್ತದೆ. ಒಳಗಿನ ತೇವವನ್ನು ಹೊರಕ್ಕೂ ಬಿಡುತ್ತದೆ. ವಿಜಾಪುರದ ಗೋಳಗುಮ್ಮಟದ ಮಹಾ ಗುಮ್ಮಟವು ಕೂಡ ಇಟ್ಟಿಗೆ ಗಚ್ಚುಗಳಿಂದಲೇ ನಿಂತಿದೆಯೆಂಬುದನ್ನು ನೆನೆದರೆ ಈ ಜೋಡಿಯ ಶಕ್ತಿ ಎಂಥದೆಂದು ತಿಳಿಯುತ್ತದೆ.

೩. ಅರಸನ ಮನೆ

ಕೋಟೆಯ ಗೋಡೆ ಗುಡ್ಡದ ನೆತ್ತಿಯನ್ನು ಅನುಸರಿಸಿ ಹೆಚ್ಚುಕಡಿಮೆ ಷಟ್ಕೋನವಾಗಿ ಸುತ್ತುತ್ತದೆ, ಮೂಲೆಗಳಲ್ಲಿ ಕೊತ್ತಲಗಳಿವೆ. ಪ್ರವೇಶದ ದಾರಿ ನೇರವಾಗಿಲ್ಲ, ವೈರಿಯ ವೇಗ ಮುರಿಯಲು ಸುತ್ತಿ ಬಳಸಿ ಹೋಗುತ್ತದೆ. ಇದನ್ನು ದಾಟಿ ಬಂದರೆ ಎದುರಿಗೆ ಎರಡು ಅಂತಸ್ತಿನ ಚೌಕಾಕಾರದ ಮನೆ, ನಡುವೆ ತೆರೆದ ಅಂಗಳ. ಹೊರಗಿನಿಂದ ನೋಡಿದವರಿಗೆ ಇದು ಇಂಗ್ಲಿಷರ ಬಂಗಲೆಯ ಮಾದರಿಯೆಂದು ತೋರುತ್ತದೆ. ಒಳಗೆ ಹೊಕ್ಕವರಿಗೆ ಇದು ತೊಟ್ಟಿಯ ಮನೆ. ಕೊಡವರ ಐನ್‌ಮನೆಗಳಲ್ಲಿ ನಡುವೆ ತೆರೆದ ಅಂಗಳವಿರುವಂತೆ, ನಮ್ಮ ವಾಡೆಗಳಲ್ಲಿ ಚೌಕವಿರುವಂತೆ, ಇಲ್ಲಿಯೂ ಬೆಳಕು ಗಾಳಿ ಮಳೆ ಮೂರೂ ನಡುವಿನಿಂದಲೇ ಮನೆಯೊಳಗೆ ಇಳಿಯುತ್ತವೆ. ಕುಂಪಣಿಯವರ ಸ್ನೇಹ ಬೇಕಾಗಿದ್ದ, ಆದರೆ ತನ್ನ ರೀತಿಯನ್ನು ಬಿಡಲೊಲ್ಲದ ಒಬ್ಬ ದೊರೆಯ ಮನಸ್ಸು ಈ ಮನೆಯ ನಕ್ಷೆಯಲ್ಲಿ ಕಾಣುತ್ತದೆ.

ಅರಮನೆಯ ಮುಂದೆ, ಈಶಾನ್ಯದ ಕಡೆಗೆ, ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳು ನಿಂತಿವೆ. ಇವುಗಳ ಬಗೆಗೆ ಒಂದು ಹೇಳಿಕೆಯಿದೆ. ಪ್ರತಿದಿನ ಬೆಳಗ್ಗೆ ಎರಡು ಆನೆಗಳು ಬಂದು ದೊರೆಗೆ ಸೊಂಡಿಲೆತ್ತಿ ಸಲಾಮು ಮಾಡುತ್ತಿದ್ದುವಂತೆ. ಒಂದು ದಿನ ಅವು ಮಾಡದೆ ನಿಂತಾಗ ದೊರೆ ಸಿಟ್ಟಿನಿಂದ ಗುಂಡಿಟ್ಟು ಕೊಂದನಂತೆ. ಆಮೇಲೆ ಪಶ್ಚಾತ್ತಾಪಪಟ್ಟು ಈ ಪ್ರತಿಮೆಗಳನ್ನು ಮಾಡಿಸಿದನಂತೆ. ಇದು ದಂತಕಥೆ. ಆದರೆ ಪ್ರಜೆಗಳು ತಮ್ಮ ಕೊನೆಯ ದೊರೆಗಳನ್ನು ಯಾವ ಭಯದಿಂದ ನೆನೆಸುತ್ತಿದ್ದರೆಂಬುದಕ್ಕೆ ಈ ಕಥೆಯೇ ಒಂದು ಸಾಕ್ಷಿ. ಇತಿಹಾಸಕಾರನು ದಂತಕಥೆಯನ್ನು ಘಟನೆಯೆಂದು ನಂಬಬಾರದು. ಹಾಗೆಂದು ಮನೋಭಾವದ ದಾಖಲೆಯೆಂಬ ನೆಲೆಯಲ್ಲಿ ಅದನ್ನು ಎಸೆದುಬಿಡಲೂಬಾರದು.

ಲಿಂಗರಾಜೇಂದ್ರನನ್ನು ಬರಿಯ ಕ್ರೂರಿಯೆಂದು ಹೇಳಿ ಮುಗಿಸುವಂತಿಲ್ಲ. ಅರಮನೆ ಏಳುತ್ತಿದ್ದ ಕಾಲದಲ್ಲಿಯೇ ಅವನು ಭೂಮಿಯನ್ನು ಅಳೆಯಿಸಿ ಶಿಸ್ತನ್ನು ಗೊತ್ತುಪಡಿಸಿದನು. ಅಧಿಕಾರಿಗಳಿಗೆ ಅವನು ಹೊರಡಿಸಿದ ಹುಕುಂನಾಮೆಗಳು ಕನ್ನಡ ಗದ್ಯದ ಅಭ್ಯಾಸಿಗಳಿಗೂ ಉಪಯುಕ್ತವಾದವು. ಎಂದರೆ ಈ ಮನೆ ಮೊದಲಿನಿಂದಲೂ ಕೇವಲ ಅಂತಃಪುರವಾಗಿರಲಿಲ್ಲ. ಲೆಕ್ಕಪತ್ರಗಳ ಮನೆಯೂ ಆಗಿತ್ತು. ಮುಂದೆ ಇದು ಕಚೇರಿಯಾದದ್ದು ಒಂದರ್ಥದಲ್ಲಿ ಹಳೆಯ ಕೆಲಸದ ಮುಂದುವರಿಕೆಯೇ.

೪. ಕುಂಪಣಿಯ ಕಚೇರಿ

ಲಿಂಗರಾಜೇಂದ್ರನು ೧೮೨೦ರಲ್ಲಿ ತೀರಿಕೊಂಡ ಮೇಲೆ ಅವನ ಮಗ ಚಿಕವೀರರಾಜೇಂದ್ರನು ಹದಿನಾಲ್ಕು ವರುಷ ಆಳಿದನು. ೧೮೩೪ರ ಏಪ್ರಿಲಿನಲ್ಲಿ ಕರ್ನಲ್ ಫ್ರೇಜರನ ನೇತೃತ್ವದಲ್ಲಿ ಕುಂಪಣಿಯ ಸೈನ್ಯ ಕೊಡಗನ್ನು ಹೊಕ್ಕಿತು. ಕೋಟೆ ದೊಡ್ಡ ಕಾಳಗವಿಲ್ಲದೆಯೇ ಕೈಬಿಟ್ಟಿತು. ಆಗ ದೊರೆ ನಾಲ್ಕುನಾಡಿನ ಅರಮನೆಯಲ್ಲಿದ್ದನು. ಮೇ ತಿಂಗಳಿನಲ್ಲಿ ಕೊಡಗು ಕುಂಪಣಿಯ ರಾಜ್ಯಕ್ಕೆ ಸೇರಿತೆಂದು ಜಾಹೀರುನಾಮೆ ಹೊರಟಿತು. ಪದಚ್ಯುತನಾದ ದೊರೆಯನ್ನು ಕಾಶಿಗೆ ಕಳಿಸಿದರು. ಅವನು ೧೮೫೨ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲಂಡಿಗೆ ಹೋಗಿ, ಕುಂಪಣಿಯಲ್ಲಿ ಸಿಕ್ಕಿಬಿದ್ದ ತನ್ನ ಹಣಕ್ಕಾಗಿ ವ್ಯಾಜ್ಯ ಹೂಡಿ, ೧೮೫೯ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ತಂದೆ ಕಟ್ಟಿಸಿದ ಮನೆಯನ್ನು ಅವನು ಮತ್ತೆ ಕಾಣಲಿಲ್ಲ.

ಮನೆಗೆ ಬೇರೆ ಒಡೆಯರು ಬಂದರು. ಮೈಸೂರಿನ ಕಮಿಶನರನ ಕೆಳಗೆ ಕೊಡಗಿಗೊಬ್ಬ ಸುಪರಿಂಟೆಂಡೆಂಟನನ್ನು ನೇಮಿಸಿದರು. ಅರಮನೆ ಸರಕಾರಿ ಕಚೇರಿಯಾಯಿತು. ಆದರೆ ಹೊಸ ಅಧಿಕಾರವನ್ನು ಎಲ್ಲರೂ ತೆಪ್ಪಗೆ ಒಪ್ಪಿಕೊಂಡರೆಂದು ತಿಳಿಯಬಾರದು. ೧೮೩೭ರಲ್ಲಿ ಅಮರಸುಳ್ಯದ ರೈತರು ಕಲ್ಯಾಣಪ್ಪನ ಹೆಸರಿನಲ್ಲಿ ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿದರು. ಆ ದಂಗೆ ಅಡಗಿದ ಮೇಲೆ ಅದರ ಮುಂದಾಳುಗಳಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯಲ್ಲಿಯೇ ಗಲ್ಲಿಗೇರಿಸಿದರು. ಅರಸನ ಅಂಗಳವು ಹೀಗೆ ಪರಸರಕಾರದ ಶಿಕ್ಷೆಯ ಸ್ಥಳವೂ ಆಯಿತು. ಮಕ್ಕಳಿಗೆ ೧೮೫೭ರ ಪಾಠ ಹೇಳುವಾಗ ಅದಕ್ಕೂ ಇಪ್ಪತ್ತು ವರುಷ ಮೊದಲಿನ ಈ ರೈತರ ದಂಗೆಯನ್ನು ಹೇಳದಿದ್ದರೆ ಪಾಠ ಅರ್ಧವಾದೀತು.

ಕೋಟೆಯೊಳಗಿನ ಬದಲಾವಣೆ ಕಚೇರಿಗಷ್ಟೇ ನಿಲ್ಲಲಿಲ್ಲ. ಅಲ್ಲಿದ್ದ ವೀರಭದ್ರನ ಗುಡಿಯನ್ನು ೧೮೫೫ರಲ್ಲಿ ತೆಗೆಯಿಸಿದರು. ಕೋಟೆಯ ಆಗ್ನೇಯದ ಮೂಲೆಯಲ್ಲಿ ೧೮೫೯ರಲ್ಲಿ ಇಂಗ್ಲಿಷರಿಗಾಗಿ ಸಂತ ಮಾರ್ಕನ ಚರ್ಚು ಎದ್ದಿತು. ಕೊನೆಯ ದೊರೆ ಲಂಡನ್ನಿನಲ್ಲಿ ಕಣ್ಣುಮುಚ್ಚಿದ್ದೂ ಅದೇ ವರುಷ. ಕೋಟೆಯ ಗಣಪತಿಯ ಗುಡಿ ಮಾತ್ರ ಉಳಿಯಿತು. ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ.

೧೮೮೧ರಲ್ಲಿ ಮೈಸೂರು ಮರಳಿ ಒಡೆಯರ ಕೈಸೇರಿದ ಬಳಿಕ ಮೈಸೂರಿನ ರೆಸಿಡೆಂಟನೇ ಕೊಡಗಿಗೆ ಚೀಫ್ ಕಮಿಶನರನಾದನು. ಮಡಿಕೇರಿಯಲ್ಲಿ ಅವನ ಕೈಕೆಳಗಿನ ಕಮಿಶನರನು ಕೆಲಸ ನೋಡುತ್ತಿದ್ದನು. ೧೯೩೩ರಲ್ಲಿ ಅರಮನೆಗೆ ಗಡಿಯಾರದ ಗೋಪುರವನ್ನೂ ಕಮಿಶನರನ ಮೋಟಾರು ನಿಲ್ಲಲು ಒಂದು ಮುಖಮಂಟಪವನ್ನೂ ಸೇರಿಸಿದರು. ಈ ಎರಡು ಸೇರ್ಪಡೆಗಳು ಕಾಲದ ಗತಿಯನ್ನು ಚೆನ್ನಾಗಿ ತೋರಿಸುತ್ತವೆ. ಆನೆ ನಿಂತಿದ್ದಲ್ಲಿ ಮೋಟಾರು ಬಂತು. ದೊರೆಯ ಮರ್ಜಿಯಂತೆ ನಡೆಯುತ್ತಿದ್ದ ದಿನಚರಿ ಗಡಿಯಾರದ ಗಂಟೆಯಂತೆ ನಡೆಯತೊಡಗಿತು.

೫. ಪ್ರಜೆಗಳ ಕಾಲ

ಕೊಡಗಿಗೆ ೧೯೨೪ರಲ್ಲಿ ಒಂದು ಶಾಸನಮಂಡಲ ದೊರೆತಿತ್ತು. ಸ್ವಾತಂತ್ರ್ಯ ಬಂದು ಸಂವಿಧಾನ ಜಾರಿಯಾದ ಮೇಲೆ ಕೊಡಗು ‘ಸಿ’ ವರ್ಗದ ರಾಜ್ಯವಾಯಿತು. ೧೯೫೨ರ ಚುನಾವಣೆಯಲ್ಲಿ ೨೪ ಮಂದಿ ಸದಸ್ಯರ ವಿಧಾನಸಭೆ ಆರಿಸಿ ಬಂತು; ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಭಾರತದ ಅತಿ ಚಿಕ್ಕ ರಾಜ್ಯಗಳಲ್ಲೊಂದಾದ ಈ ರಾಜ್ಯದ ಆಡಳಿತಕ್ಕೆ ಹಳೆಯ ಕೋಟೆಯೇ ನೆಲೆ. ಯಾವ ಆವರಣದಲ್ಲಿ ಒಬ್ಬನ ಮಾತೇ ಕಾನೂನಾಗಿತ್ತೋ ಅಲ್ಲಿ ಇಪ್ಪತ್ತನಾಲ್ಕು ಜನ ವಾದ ಮಾಡಿ ಕಾನೂನು ಮಾಡುವಂತಾಯಿತು. ಈ ಮನೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಬೇರೊಂದಿಲ್ಲ.

೧೯೫೬ರ ನವೆಂಬರ ೧ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಸೇರಿ ಒಂದು ಜಿಲ್ಲೆಯಾಯಿತು. ರಾಜ್ಯದ ಸಚಿವಾಲಯದ ಠೀವಿ ಹೋಗಿ ಅರಮನೆ ಜಿಲ್ಲಾಧಿಕಾರಿಯ ಕಚೇರಿಯಾಯಿತು. ಸಭೆ ನಡೆದ ಸ್ಥಳಕ್ಕೆ ಇಂದಿಗೂ ‘ಕೋಟೆಯ ಹಳೆ ವಿಧಾನ ಸಭಾಂಗಣ’ವೆಂದೇ ಹೆಸರು, ಜಿಲ್ಲೆಯ ಸಭೆಗಳು ಅಲ್ಲಿ ನಡೆಯುತ್ತ ಬಂದಿವೆ. ಒಂದು ರಾಜ್ಯ ನಾಲ್ಕೂವರೆ ವರುಷ ತನ್ನ ವಿಧಾನಸಭೆಯೊಡನೆ ಬಾಳಿತ್ತೆಂಬುದನ್ನು ಪುಸ್ತಕ ಮರೆತರೂ ಬಾಗಿಲಿನ ಹೆಸರು ಮರೆತಿಲ್ಲ.

ಚರ್ಚಿನ ಗತಿಯೂ ಗಮನಾರ್ಹ. ಇಂಗ್ಲಿಷರು ಹೊರಟುಹೋದ ಮೇಲೆ ಅಲ್ಲಿ ಪ್ರಾರ್ಥನೆಗೆ ಕೂಡುವವರಿಲ್ಲವಾಯಿತು. ೧೯೭೧ರಲ್ಲಿ ಅದನ್ನು ರಾಜ್ಯದ ಪುರಾತತ್ವ ಇಲಾಖೆ ವಹಿಸಿಕೊಂಡು ವಸ್ತುಸಂಗ್ರಹಾಲಯವನ್ನಾಗಿ ಮಾಡಿತು. ಊರೂರುಗಳಿಂದ ಬಂದ ವಿಗ್ರಹಗಳು, ವೀರಗಲ್ಲುಗಳು, ಆಯುಧಗಳು ಈಗ ಅಲ್ಲಿವೆ. ಗುಡಿಯನ್ನು ತೆಗೆದ ಆವರಣದ ಚರ್ಚಿನಲ್ಲಿ ಇಂದು ಗುಡಿಗಳ ಶಿಲ್ಪಗಳು ಆಶ್ರಯ ಪಡೆದಿವೆ. ಕಾಲದ ಈ ಸುತ್ತನ್ನು ಯಾರೂ ಯೋಜಿಸಿದ್ದಲ್ಲ.

೬. ಉಪಯೋಗದ ಗುಣದೋಷ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹಳೆಯ ಮನೆಗೆ ಹೊಸ ಕೆಲಸ ಕೊಡುವುದು ಅದನ್ನು ಉಳಿಸುತ್ತದೆಯೋ ಕೆಡಿಸುತ್ತದೆಯೋ?

ಉಳಿಸುತ್ತದೆಂಬುದಕ್ಕೆ ಮಡಿಕೇರಿಯೇ ಪ್ರಮಾಣ. ಸರಕಾರಕ್ಕೆ ಬೇಕಾಗಿದ್ದುದರಿಂದ ಮಾಡು ಸೋರಿದಾಗ ಯಾರೋ ಕೈಯಾಡಿಸಿದರು. ಗೋಡೆಗೆ ಸುಣ್ಣ ಬಳಿದರು. ಬ್ರಿಟಿಷರ ಕಾಲದಲ್ಲಿ ಅನೇಕ ಸಲ ದುರಸ್ತಿಯಾಯಿತು. ಒಲೆ ಉರಿಯದ ಮನೆ ಬೇಗ ಬೀಳುತ್ತದೆಂದು ನಮ್ಮ ಹಿರಿಯರು ಹೇಳುವುದು ಸುಳ್ಳಲ್ಲ. ಹೊಗೆ ಹತ್ತಿದ ಜಂತಿಗೆ ಹುಳ ಹತ್ತದು. ಜನ ತಿರುಗಾಡುವ ಮನೆಯಲ್ಲಿ ಗೆದ್ದಲು ಕಣ್ಣಿಗೆ ಬೀಳುತ್ತದೆ. ಬೀಗ ಬಿದ್ದ ವಾಡೆಯ ಮಾಳಿಗೆಯ ಮೇಲೆ ಹುಲ್ಲು ಬೆಳೆಯುತ್ತದೆ. ಮಾಳಿಗೆ ಇಳಿದರೆ ಗೋಡೆ ನಿಲ್ಲುವುದಿಲ್ಲ.

ಕೆಡಿಸುತ್ತದೆಂಬುದಕ್ಕೂ ಅಲ್ಲಿಯೇ ಪ್ರಮಾಣವಿದೆ. ಕಚೇರಿಗೆ ಮನೆಯ ಚರಿತ್ರೆ ಬೇಕಿಲ್ಲ, ಜಾಗ ಬೇಕು. ಕಾಲಕಾಲಕ್ಕೆ ನ್ಯಾಯಾಲಯ, ಸೆರೆಮನೆ, ಗ್ರಂಥಾಲಯ, ಬೇರೆ ಬೇರೆ ಇಲಾಖೆಗಳು ಆ ಕೋಟೆಯಲ್ಲಿ ತುಂಬಿಕೊಂಡವು. ಜಿಲ್ಲಾಧಿಕಾರಿಯ ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೆ, ಮಳೆಯಿಂದ ಜರ್ಜರವಾಗಿದ್ದ ಅರಮನೆಯ ರಕ್ಷಣೆಗಾಗಿ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತದ ವ್ಯಾಜ್ಯ ನಡೆಯಬೇಕಾಯಿತು. ಎರಡು ಶತಮಾನ ಸರಕಾರವನ್ನು ಹೊತ್ತ ಮನೆ ತನ್ನ ಉಳಿವಿಗಾಗಿ ನ್ಯಾಯಾಲಯದ ಬಾಗಿಲಿಗೆ ಬಂತು.

ನಮ್ಮ ನೆರೆಯ ವಿಜಾಪುರದಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆದಿದೆ. ೧೮೮೫ರಲ್ಲಿ ಜಿಲ್ಲೆಯ ಠಾಣ್ಯ ಕಲಾದಗಿಯಿಂದ ಅಲ್ಲಿಗೆ ಬಂದಾಗ ಆದಿಲಶಾಹಿಯ ಕಟ್ಟಡಗಳನ್ನೇ ಕಚೇರಿ, ಬಂಗಲೆಗಳನ್ನಾಗಿ ಮಾಡಿಕೊಂಡರು. ಚೀನಿಮಹಲಿನಲ್ಲಿ ಕಚೇರಿ ಬಂತು. ಬುಖಾರಿ ಮಸೀದೆಯಲ್ಲಿ ಅಂಚೆಮನೆ ಕೂತಿತು. ಗೋಳಗುಮ್ಮಟದ ಮಗ್ಗುಲ ಮಸೀದೆ ಪ್ರವಾಸಿಗಳ ಬಂಗಲೆಯಾಯಿತು. ಲಾರ್ಡ ಕರ್ಜನನ ಕಾಲದಲ್ಲಿ ಈ ರೂಢಿಗೆ ತಡೆ ಬಿದ್ದು, ೧೯೦೪ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆ ಬಂತು. ಆದರೆ ಅದೇ ವಿಜಾಪುರದಲ್ಲಿ ಗೋಳಗುಮ್ಮಟದ ನಗಾರಖಾನೆ ೧೮೯೨ರಲ್ಲಿ ವಸ್ತುಸಂಗ್ರಹಾಲಯವಾಗಿ ಇಂದಿಗೂ ಚೆನ್ನಾಗಿ ಬಾಳುತ್ತಿದೆ. ಧಾರವಾಡದಲ್ಲಿ ರೈಲ್ವೆ ಕಂಪನಿಯ ಮುಖ್ಯ ಕಚೇರಿಗಾಗಿ ಕಟ್ಟಿದ ಮನೆ ಕರ್ನಾಟಕ ಕಾಲೇಜಾಗಿ ಎಷ್ಟು ತಲೆಮಾರುಗಳಿಗೆ ವಿದ್ಯೆ ಕೊಟ್ಟಿತೆಂಬುದನ್ನು ಶಿಕ್ಷಕರಿಗೆ ಹೇಳಬೇಕಾದುದಿಲ್ಲ.

ಈ ಉದಾಹರಣೆಗಳನ್ನು ಹೋಲಿಸಿದರೆ ಒಂದು ನಿಯಮ ಹೊರಡುತ್ತದೆ. ಮನೆಯ ಮೂಲ ಸ್ವಭಾವಕ್ಕೆ ಹೊಂದುವ ಉಪಯೋಗ ಅದನ್ನು ಕಾಯುತ್ತದೆ. ಅದನ್ನು ಮರೆತ ಉಪಯೋಗ ಅದನ್ನು ತಿನ್ನುತ್ತದೆ. ಇಟ್ಟಿಗೆ ಗಚ್ಚಿನ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಕೆಡುವಂತೆ, ಮನೆಯ ಚರಿತ್ರೆಯ ಮೇಲೆ ಅಸಡ್ಡೆಯ ಲೇಪ ಬಿದ್ದರೂ ಅದೇ ಫಲ.

೭. ಶಿಕ್ಷಕರ ಕರ್ತವ್ಯ

ಜತ್ತ ಸೀಮೆಯಲ್ಲಿ ಡಫಳೆಯವರ ವಾಡೆಗಳಿಂದ ಮೊದಲುಗೊಂಡು ಪಾಟೀಲ ಕುಲಕರ್ಣಿ ದೇಸಾಯಿಗಳ ಮನೆಗಳವರೆಗೆ ಇಂಥ ಮನೆಗಳು ಊರೂರಿಗೆ ಇವೆ. ಅವು ಮಡಿಕೇರಿಯ ಅರಮನೆಯಷ್ಟು ಪ್ರಸಿದ್ಧವಲ್ಲದಿರಬಹುದು. ಆದರೆ ಅವುಗಳಲ್ಲಿಯೂ ಇದೇ ಬಗೆಯ ಚರಿತ್ರೆ ಅಡಗಿದೆ. ಚಾವಡಿಯಾಗಿದ್ದ ಪಡಸಾಲೆ, ಶಾಲೆಯಾಗಿದ್ದ ಅಂಕಣ, ಜೋಳ ತುಂಬುತ್ತಿದ್ದ ಹಗೇವು ಇವೆಲ್ಲ ನಮ್ಮ ಹಿರಿಯರ ಆಡಳಿತ, ವಿದ್ಯೆ, ಬರಗಾಲಗಳ ಕಥೆ ಹೇಳುತ್ತವೆ. ಊರಿನ ಮುದುಕರಿಗೆ ಅವುಗಳ ಹೆಸರು ಗೊತ್ತು, ಹುಡುಗರಿಗೆ ಗೊತ್ತಿಲ್ಲ. ಆ ನಡುವಿನ ಸೇತುವೆ ಶಿಕ್ಷಕನೇ.

ಮಾಡಬೇಕಾದುದು ಬಹಳವೇನಲ್ಲ. ಏಳನೆಯ ಇಯತ್ತೆಯ ಹುಡುಗರನ್ನು ಕರೆದುಕೊಂಡು ಹೋಗಿ ಒಂದು ಹಳೆಯ ಮನೆಯ ಉದ್ದಗಲಗಳನ್ನು ಅಳೆಯಿಸಬೇಕು. ಇಟ್ಟಿಗೆಯ ಅಳತೆ, ಗೋಡೆಯ ದಪ್ಪ, ತೊಲೆಯ ಜಾತಿ ಬರೆಯಿಸಬೇಕು. ಯಾವ ಕಾಲದಲ್ಲಿ ಯಾರು ಅಲ್ಲಿ ಏನು ಮಾಡುತ್ತಿದ್ದರೆಂದು ಹಿರಿಯರನ್ನು ಕೇಳಿಸಬೇಕು. ಮೋಡಿಯಲ್ಲಿಯೋ ಹಳಗನ್ನಡದಲ್ಲಿಯೋ ಬರೆದ ಕಾಗದ ಸಿಕ್ಕರೆ ಅದನ್ನು ಜೋಪಾನ ಮಾಡಬೇಕು. ಪಂಜೆ ಮಂಗೇಶರಾಯರು ಮಡಿಕೇರಿಯಲ್ಲಿ ಶಾಲೆಯ ಮುಖ್ಯಾಧ್ಯಾಪಕರಾಗಿದ್ದರು. ಅವರ ‘ಹುತ್ತರಿ ಹಾಡು’ ಹುಟ್ಟಿದ್ದು ಆ ನಾಡಿನ ಮೇಲಿನ ಪ್ರೀತಿಯಿಂದ. ಪರಸ್ಥಳದಿಂದ ಹೋದ ಶಿಕ್ಷಕರು ತಾವು ಕಲಿಸುವ ಊರನ್ನು ಇಷ್ಟು ಪ್ರೀತಿಸಬಲ್ಲರಾದರೆ, ಹುಟ್ಟಿದ ಊರಲ್ಲೇ ಕಲಿಸುವ ನಮಗೆ ನೆವ ಹೇಳಲು ಎಡೆಯಿಲ್ಲ.

ಮಡಿಕೇರಿಯ ಅರಮನೆ ತನ್ನ ಹೆಸರನ್ನೂ ತಾರೀಖುಗಳನ್ನೂ ಬರೆದಿಡುವವರನ್ನು ಪಡೆದಿತ್ತು. ಆದ್ದರಿಂದಲೇ ಅದು ಕೆಟ್ಟಾಗ ಅದರ ಪರವಾಗಿ ವಾದಿಸಲು ಆಧಾರವಿತ್ತು. ಬರೆದಿಡದ ಮನೆ ಬಿದ್ದರೆ ಉಳಿಯುವುದು ಹಾಳುಮಣ್ಣಿನ ದಿನ್ನೆ ಮಾತ್ರ. ಆ ಮಣ್ಣನ್ನು ಗಾಡಿ ತುಂಬಿ ಹೊಲಕ್ಕೆ ಹೇರುವ ಮೊದಲೇ ಪಾಟಿ ಪೆನ್ಸಿಲು ಹಿಡಿದ ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಬರಲಿ.